ಕೋಟು ಒಗೆಯುವುದಿಲ್ಲ

ಅಮ್ಮನಿಗೂ ಅಪ್ಪನಿಗೂ ವಿಚ್ಛೇದನವಾದ ದಿನ ನಾವು ನಾಲ್ವರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ಬೇರೆ ಬಸ್ಸಿರಲಿಲ್ಲ. ಬೇರೆ ಮನೆಯೂ ಇರಲಿಲ್ಲ.

ನನಗಾಗ ಹದಿಮೂರು. ತಂಗಿಗೆ ಆರು. ಅವಳನ್ನು ಎಲ್ಲರೂ ಚಿಲ್ಟು ಅನ್ನುತ್ತಿದ್ದರು. ಬಸ್ಸಿನಲ್ಲಿ ಚಿಲ್ಟು ಅಪ್ಪನ ತೊಡೆಯ ಮೇಲೆ ತಲೆ ಇಟ್ಟು, ಅಮ್ಮನ ತೊಡೆಯ ಮೇಲೆ ಕಾಲು ಚಾಚಿ ಗೊರಕೆ ಹೊಡೆದಳು. ಅವಳಿಗೆ ಎಚ್ಚರವಾಗಬಾರದೆಂದು ಇಬ್ಬರೂ ಕಲ್ಲಿನ ಹಾಗೆ ಕೂತರು. ಎದುರು ಸೀಟಿನ ಅಜ್ಜಿ ಅದನ್ನು ನೋಡಿ ನೋಡಿ, ಎಷ್ಟು ಚೆಂದದ ಸಂಸಾರ ಅಂದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಕಿಟಕಿಯ ಕಡೆ ತಿರುಗಿದ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ಹಿಂದಿನಿಂದ ಗೊತ್ತಾಗಲಿಲ್ಲ.

ಕೋರ್ಟಿನಲ್ಲಿ ನ್ಯಾಯಾಧೀಶರು ಚಿಲ್ಟುವನ್ನು ಹತ್ತಿರ ಕರೆದು, ಯಾರ ಜೊತೆ ಇರ್ತೀಯಮ್ಮ ಎಂದು ಕೇಳಿದ್ದರು. ಅವಳು ಚಾವಣಿ ನೋಡಿದಳು. ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ಹೇಳಿದಳು: "ಅಮ್ಮನ ಜೊತೆ ಇರ್ತೀನಿ. ಅಡುಗೆ ಮಾತ್ರ ಅಪ್ಪಂದು."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ಮನ ಅಡುಗೆ ಉಂಡವರಿಗೆ ಚಿಲ್ಟುವಿನ ತೀರ್ಪಿನಲ್ಲಿ ತಪ್ಪು ಕಾಣುವುದಿಲ್ಲ.

ಅಪ್ಪ ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆಯವನು. ಅಮ್ಮ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಆಸ್ಪತ್ರೆಯ ಹಿಂಗೋಡೆಗೆ ಆತುಕೊಂಡು ಕೆಳದರ್ಜೆ ನೌಕರರ ಕ್ವಾರ್ಟರ್ಸ್ ಇದ್ದವು. ಒಂದು ಸಾಲಿನಲ್ಲಿ ಹದಿನಾರು ಮನೆ. ಒಂದೊಂದರಲ್ಲಿ ಎರಡೆರಡು ಕೋಣೆ. ಐದನೆಯದು ನಮ್ಮದು.

ಅಮ್ಮನ ಕೆಲಸ ಹೇಗಿತ್ತೆಂದು ಹೇಳಬೇಕು. ಬೆಳಿಗ್ಗೆ ಆರಕ್ಕೆ ವಾರ್ಡುಗಳಿಂದ ಗಂಟುಗಳು ಬರುತ್ತಿದ್ದವು. ಮೊದಲು ಗಂಟು ಬಿಚ್ಚಿ ಬೇರ್ಪಡಿಸಬೇಕು. ರಕ್ತದ್ದು ಒಂದು ಕಡೆ. ವಾಂತಿಯದು, ಹೇಲಿನದು ಇನ್ನೊಂದು ಕಡೆ. ಆಪರೇಷನ್ ಕೋಣೆಯ ಹಸಿರು ಬಟ್ಟೆ ಮತ್ತೊಂದು ಕಡೆ. ಬಟ್ಟೆಯ ಮಡಿಕೆಯಲ್ಲಿ ಸೂಜಿ ಇರುತ್ತದೆ, ಬ್ಲೇಡ್ ಇರುತ್ತದೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಕೈಗವಸು ವರ್ಷಕ್ಕೊಂದು ಜೊತೆ. ಎರಡು ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಬರಿಗೈ. ರಕ್ತದ ಬಟ್ಟೆಯನ್ನು ತಣ್ಣೀರಲ್ಲೇ ನೆನೆಸಬೇಕು. ಬಿಸಿನೀರು ತಾಗಿದರೆ ಕಲೆ ಹೋಗುವುದಿಲ್ಲ. ಚಳಿಗಾಲದಲ್ಲಿ ಆ ತಣ್ಣೀರಿನ ತೊಟ್ಟಿಯಲ್ಲಿ ಮೊಣಕೈವರೆಗೂ ಕೈ ಇಟ್ಟು ಉಜ್ಜಿದರೆ ಬೆರಳು ತನ್ನದಲ್ಲ ಅನ್ನಿಸುತ್ತದೆ. ಆಮೇಲೆ ಮೆಷಿನ್ನು, ಬ್ಲೀಚಿಂಗ್ ನೀರು, ಹಿಂಡುವುದು, ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮಹಡಿಗೆ ಹತ್ತುವುದು. ಎಂಟು ಜನ ಹೆಂಗಸರು. ಸಂಜೆ ಅಮ್ಮ ಮನೆಗೆ ಬಂದಾಗ ಅವಳ ಕೈ ಹಿಡಿದರೆ ಮರಳಿನ ಕಾಗದ ಹಿಡಿದ ಹಾಗಿರುತ್ತಿತ್ತು. ಚಿಲ್ಟು ಆ ಕೈಯಲ್ಲಿ ಬೆನ್ನು ಕೆರೆಸಿಕೊಳ್ಳುತ್ತಿದ್ದಳು. ಅಮ್ಮನ ಕೈಯಷ್ಟು ಚೆನ್ನಾಗಿ ಕೆರೆಯುವ ಕೈ ಲೋಕದಲ್ಲೇ ಇಲ್ಲ ಅನ್ನುತ್ತಿದ್ದಳು.

ಅಪ್ಪ ಒಳ್ಳೆಯ ಅಡುಗೆಯವನು. ಒಳ್ಳೆಯ ಗಂಡನಲ್ಲ. ಮುನ್ನೂರು ಜನರಿಗೆ ಬೇಯಿಸಿ, ವಾರ್ಡ್ ಮೇಸ್ತ್ರಿಯ ಬೈಗುಳ ತಿಂದು, ಮನೆಗೆ ಬಂದು ಅದನ್ನೆಲ್ಲ ನಮ್ಮ ಮೇಲೆ ಕಕ್ಕುತ್ತಿದ್ದ. ಅವನು ಕೂಗಿದರೆ ಅಮ್ಮ ಸುಮ್ಮನಾಗುತ್ತಿದ್ದಳು. ಅವಳು ಸುಮ್ಮನಾದರೆ ಅವನಿಗೆ ಇನ್ನೂ ಮೈ ಉರಿಯುತ್ತಿತ್ತು. ಪಾತ್ರೆ ಹಾರುತ್ತಿದ್ದವು. ಒಂದು ಸಂಜೆ ಕಬ್ಬಿಣದ ಸೌಟು ಹಾರಿತು. ಅದು ಅಮ್ಮನಿಗೆ ಗುರಿಯಿಟ್ಟದ್ದು. ನಾನು ನಡುವೆ ಬಂದೆ. ಹಣೆಗೆ ಐದು ಹೊಲಿಗೆ ಬಿತ್ತು. ನನ್ನ ಬಟ್ಟೆಯ ರಕ್ತವನ್ನು ಅಮ್ಮ ಮರುದಿನ ತಣ್ಣೀರಲ್ಲಿ ನೆನೆಸಿದಳು. ನೆನೆಸುತ್ತಲೇ ಹೇಳಿದಳು, ಇನ್ನು ಸಾಕು ಎಂದು.

ಅಪ್ಪ ಎದುರು ಮಾತಾಡಲಿಲ್ಲ. ನನ್ನ ಹಣೆ ನೋಡಿದ ದಿನದಿಂದ ಅವನು ನೆಲ ನೋಡಿಕೊಂಡೇ ಓಡಾಡುತ್ತಿದ್ದ. ಎಲ್ಲಿ ಸಹಿ ಹಾಕಬೇಕೆಂದು ವಕೀಲರು ತೋರಿಸಿದರೋ ಅಲ್ಲೆಲ್ಲ ಸಹಿ ಹಾಕಿದ.

ನನ್ನಿಂದಲೇ ಇದೆಲ್ಲ ಆಯಿತು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ನಡುವೆ ಹೋಗದಿದ್ದರೆ ಸೌಟು ಗೋಡೆಗೆ ಬಡಿಯುತ್ತಿತ್ತು, ಗೋಡೆಗೆ ಯಾರೂ ಹೊಲಿಗೆ ಹಾಕುತ್ತಿರಲಿಲ್ಲ. ಒಮ್ಮೆ ಇದನ್ನು ಅಮ್ಮನ ಮುಂದೆ ಹೇಳಿಬಿಟ್ಟೆ. ಅವಳು ನನ್ನ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಲ್ಲಿಸಲಿಲ್ಲ.

"ನಿನ್ನ ಹಣೆಯಿಂದ ಅಲ್ಲ ಕಣೇ. ಎಸೆದ ಕೈಯಿಂದ," ಅಂದಳು. "ಹೇನು ಹುಡುಕ್ತಿದೀನಿ, ತಲೆ ಅಲ್ಲಾಡಿಸಬೇಡ."

ಕೋರ್ಟಿನ ಮರುದಿನವೇ ಅಪ್ಪ ಟ್ರಂಕು ತಗೊಂಡು ಅಡುಗೆಮನೆಯ ಹಿಂದಿನ ಗಂಡಸರ ಹಾಲಿಗೆ ಹೋದ. ಅಲ್ಲಿ ಹನ್ನೆರಡು ಮಂಚ. ಒಂಟಿ ಗಂಡಸರಿಗೆ. ಚಿಲ್ಟುವಿನ ತೀರ್ಪಿನಂತೆ ರಾತ್ರಿಯ ಅಡುಗೆ ಮಾತ್ರ ಅಲ್ಲಿಂದ ಡಬ್ಬಿಯಲ್ಲಿ ನಮಗೆ ಬರುತ್ತಿತ್ತು. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಮೊದಲ ಸಲ ನನಗೆ ಕೇಳಿಸಿತು. ಅದು ಅಷ್ಟು ವರ್ಷವೂ ಟಿಕ್ ಟಿಕ್ ಅನ್ನುತ್ತಲೇ ಇತ್ತಂತೆ. ಇನ್ನೊಂದು ಬದಲಾವಣೆಯೂ ಆಯಿತು. ಹದಿನಾಲ್ಕು ವರ್ಷ ಅಪ್ಪನನ್ನು 'ನೀವು' ಅನ್ನುತ್ತಿದ್ದ ಅಮ್ಮ, ವಿಚ್ಛೇದನವಾದ ಮೇಲೆ 'ನೀನು' ಅನ್ನತೊಡಗಿದಳು. 'ಏನೇ' ಅನ್ನುತ್ತಿದ್ದ ಅಪ್ಪನಿಗೆ ಅವಳನ್ನು ಹೇಗೆ ಕರೆಯಬೇಕೆಂದೇ ತಿಳಿಯಲಿಲ್ಲ. ಕೆಮ್ಮತೊಡಗಿದ. ಅಪ್ಪ ಕೆಮ್ಮಿದರೆ ಅಮ್ಮನನ್ನು ಕರೆದ ಎಂದು ಅರ್ಥ.

ಸಾಲಿನವರಿಗೆ ನಾವು ಹೀಗೆ ಆರಾಮಾಗಿರುವುದು ಸರಿಕಾಣಲಿಲ್ಲ. ಅಳುತ್ತಿರಬೇಕಿತ್ತು. ಮೂರನೆಯ ಮನೆಯಾಕೆ ದಿನಾ ಬಂದು, ಪಾಪ, ಮಕ್ಕಳ ಗತಿ ಎಂದು ಲೊಚಗುಟ್ಟುತ್ತಿದ್ದಳು. ಆ ಲೊಚಲೊಚದ ನಡುವೆ ಆಕೆಯ ಮನೆಯಿಂದ ಆಕೆಯ ಗಂಡ ಕಿರುಚುವುದು ಕೇಳಿಸುತ್ತಿತ್ತು. ಶಾಲೆಯಲ್ಲಿ ಚಿಲ್ಟುವಿನ ಹೆಸರನ್ನು 'ಕಷ್ಟದಲ್ಲಿರುವ ಮಕ್ಕಳು' ಎಂಬ ಪಟ್ಟಿಗೆ ಸೇರಿಸಿದರು. ಆ ಪಟ್ಟಿಯವರಿಗೆ ಮಧ್ಯಾಹ್ನ ಎರಡು ಬಿಸ್ಕತ್ತು. ಮನೆಗೆ ಬಂದು ಚಿಲ್ಟು, ನಾವು ಎಷ್ಟು ದಿನ ಕಷ್ಟದಲ್ಲಿರ್ತೀವಿ ಎಂದು ಕೇಳಿದಳು. ಪರೀಕ್ಷೆ ಮುಗಿಯುವವರೆಗೆ ಇರೋಣ ಅಂದಳು ಅಮ್ಮ.

ನಿಜವಾದ ಕಷ್ಟ ಒಂದು ಕಂದು ಲಕೋಟೆಯಲ್ಲಿ ಬಂತು.

ಕ್ವಾರ್ಟರ್ಸ್ ಅಪ್ಪನ ಹೆಸರಿನಲ್ಲಿತ್ತು. ಅದು ಕುಟುಂಬದ ಮನೆ. ಅಪ್ಪನಿಗೆ ಈಗ ಕುಟುಂಬವಿಲ್ಲ, ಹಾಗಾಗಿ ಅವನಿಗೆ ಮನೆ ಇಲ್ಲ. ಅಮ್ಮನಿಗೆ ಯಜಮಾನನಿಲ್ಲ, ಹಾಗಾಗಿ ಅವಳಿಗೂ ಇಲ್ಲ. ಹದಿನೈದು ದಿನದೊಳಗೆ ಖಾಲಿ ಮಾಡಿ ಬೀಗದ ಕೈ ಕೊಡಬೇಕು. ಇಷ್ಟನ್ನು ನಾನು ಓದಿ ಹೇಳಿದೆ. ಅಮ್ಮ ಇನ್ನೊಮ್ಮೆ ಓದಿಸಿದಳು.

"ಹಾಗಾದ್ರೆ ಇಲ್ಲಿ ಯಾರು ಇರ್ತಾರೆ?" ಅಂದಳು.

ಕಾಗದದಲ್ಲಿ ಅದು ಇರಲಿಲ್ಲ. ಯಾರೂ ಇರುವುದಿಲ್ಲ. ಆಗಲೇ ಸಾಲಿನಲ್ಲಿ ಮೂರು ಮನೆಗಳಿಗೆ ಬೀಗ ಬಿದ್ದು ಬಾಗಿಲಿಗೆ ಗೆದ್ದಲು ಹತ್ತಿತ್ತು.

ಅಮ್ಮ ಹನ್ನೆರಡು ವರ್ಷದ ಕಾಯಂ ನೌಕರಳು. ಅವಳ ಹೆಸರಿಗೇ ಮನೆ ಕೊಡಿ ಎಂದು ಅರ್ಜಿ ಹಾಕೋಣ ಎಂದು ನಾನು ಹೇಳಿದೆ. ಫಾರಂ ತಂದೆ. 'ಕುಟುಂಬದ ಯಜಮಾನ' ಎಂಬಲ್ಲಿ ಅಮ್ಮನ ಹೆಸರು ತುಂಬಿದೆ. ಇಬ್ಬರೂ ಆಡಳಿತಾಧಿಕಾರಿಯ ಕೋಣೆಗೆ ಹೋದೆವು.

ಆಡಳಿತಾಧಿಕಾರಿಗೆ ಲಾಂಡ್ರಿಯ ಹೆಂಗಸರು ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಿದ್ದರು. ಅವನ ಬಿಳಿ ಅಂಗಿಯ ಮಡಿಕೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದಿತ್ತು. ಆ ಇಸ್ತ್ರಿ ಅಮ್ಮನದೇ. ಅವನ ಅಂಗಿ, ಅವನ ಮನೆಯ ಪರದೆ, ದಿಂಬಿನ ಚೀಲ, ಅತಿಥಿಗಳು ಉಂಡ ಮೇಜಿನ ಹಾಸು, ಎಲ್ಲವೂ ವಾರಕ್ಕೆರಡು ಸಲ ಒಂದು ಗಂಟಾಗಿ ಲಾಂಡ್ರಿಗೆ ಬರುತ್ತಿದ್ದವು.

ನಾವು ಹೊಸ್ತಿಲು ದಾಟುವ ಮುಂಚೆಯೇ ಅವನು ಕೈ ಎತ್ತಿದ. "ಅಲ್ಲೇ ನಿಲ್ಲಮ್ಮ. ಬ್ಲೀಚಿಂಗ್ ವಾಸನೆ. ನನಗೆ ತಲೆನೋವು ಬರುತ್ತೆ."

ಅಮ್ಮ ಹೊಸ್ತಿಲ ಆಚೆಯೇ ನಿಂತಳು. ಅವಳು ಆ ದಿನ ಎರಡು ಸಲ ಸ್ನಾನ ಮಾಡಿ ಬಂದಿದ್ದಳು. ನನ್ನನ್ನು ಮಾತ್ರ ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದ. ಫಾರಂ ನೋಡಿದ. ಅಮ್ಮನ ಹೆಸರಿನ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದ. ಯಜಮಾನ ಅಂದರೆ ಗಂಡಸು ಎಂದು ಎರಡನೆಯ ಕ್ಲಾಸಿನ ಪಾಠದ ಹಾಗೆ ವಿವರಿಸಿದ. ಹೆಂಗಸಿನ ಹೆಸರಿಗೆ ಕೊಡುವ ಪದ್ಧತಿ ಇಲ್ಲ, ಕಾಗದದಲ್ಲಿ ಇಲ್ಲದ್ದನ್ನು ತಾನು ಕೊಡಲಾಗದು ಅಂದ. ಆಮೇಲೆ ದನಿ ತಗ್ಗಿಸಿದ.

"ನೀನು ಓದಿರೋ ಹುಡುಗಿ. ನೀನಾದ್ರೂ ಅಮ್ಮನಿಗೆ ಬುದ್ಧಿ ಹೇಳು. ಒಡೆದ ಮನೆ ಮಕ್ಕಳು ಉದ್ಧಾರ ಆಗಲ್ಲ. ಹೋಗಿ ಅಪ್ಪನ ಜೊತೆ ಇರಿ ಅಂತ ಅಳು. ಮಕ್ಕಳು ಅತ್ತರೆ ತಾಯಂದಿರು ಕೇಳ್ತಾರೆ."

ನಾನು ಕುರ್ಚಿಯಿಂದ ಎದ್ದೆ. ಹಣೆಯ ಮೇಲಿನ ಕೂದಲನ್ನು ಎತ್ತಿ ಹಿಡಿದೆ.

"ಇದು ಆದಾಗ ಮನೆ ಒಡೆದಿರಲಿಲ್ಲ ಸಾರ್," ಅಂದೆ.

ಅವನು ನೋಡಿದ. ಫೈಲಿನತ್ತ ತಿರುಗಿದ. ಹೊರಗೆ ಹೋಗಿ ಅಂದ. ಹೊರಗೆ ಬಂದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡಳು. ಆಸ್ಪತ್ರೆಯ ಆ ಉದ್ದ ಹಜಾರ ಮುಗಿಯುವವರೆಗೂ ಬಿಡಲಿಲ್ಲ. ಚರ್ಮ ತರಚಿ ಉರಿಯುತ್ತಿತ್ತು. ಬಿಡು ಅನ್ನಬೇಕು ಅನ್ನಿಸಲಿಲ್ಲ.

ಇಸ್ತ್ರಿ ಸಾಹೇಬ ಅಪ್ಪನನ್ನೂ ಕರೆಸಿದ. ಅಪ್ಪನಿಗೆ ಕುರ್ಚಿ ಸಿಕ್ಕಿತು, ಟೀ ಸಿಕ್ಕಿತು. ಮರುದಿನ ಮಧ್ಯಾಹ್ನ ಅಪ್ಪ ನಮ್ಮ ಮನೆಗೆ ಬಂದ. ಬಾಗಿಲು ತೆರೆದೇ ಇತ್ತು, ಹಿಂದಿನ ಅಭ್ಯಾಸದಂತೆ ನೇರ ಒಳಗೆ ಬಂದು ಕೂತ. ಕೆಮ್ಮಿದ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ಅವನು ಸುತ್ತಿ ಬಳಸಿ ವಿಷಯಕ್ಕೆ ಬಂದ. ಮತ್ತೆ ರಿಜಿಸ್ಟರ್ ಮಾಡಿಸಿಕೊಂಡರೆ ಮನೆ ಉಳಿಯುತ್ತದಂತೆ. ಬರೀ ಕಾಗದದ ಮೇಲೆ. ತಾನು ಗಂಡಸರ ಹಾಲಿನಲ್ಲೇ ಮಲಗುತ್ತೇನೆ, ಯಾರಿಗೂ ತೊಂದರೆ ಕೊಡುವುದಿಲ್ಲ, ಮಕ್ಕಳ ತಲೆಯ ಮೇಲೆ ಸೂರು ಇರುತ್ತದೆ ಅಷ್ಟೇ ಅಂದ. ಅವನ ಮಾತಿನಲ್ಲಿ ಮೋಸ ಇರಲಿಲ್ಲ. ಅದು ನನಗೂ ಗೊತ್ತಾಯಿತು. ಒಂದು ಗಳಿಗೆ ನನಗೆ, ಅಮ್ಮ ಹೂಂ ಅಂದರೆ ಸಾಕಪ್ಪ ಅನ್ನಿಸಿತು. ಪುಸ್ತಕ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಅಮ್ಮ ಮೊರ ಪಕ್ಕಕ್ಕಿಟ್ಟಳು.

"ಹದಿನಾಲ್ಕು ವರ್ಷ ಕಾಗದದ ಮೇಲೇ ಹೆಂಡತಿಯಾಗಿದ್ದೆ," ಅಂದಳು. "ಈಗ ಕಾಗದದ ಮೇಲೆ ನಾನು ಒಬ್ಬಳು. ಅದನ್ನ ಪಡೆಯೋಕೆ ಎಷ್ಟು ಬಸ್ಸು ಹತ್ತಿದೀನಿ ನಿನಗೆ ಗೊತ್ತು. ಒಂದು ಬೀಗದ ಕೈಗೋಸ್ಕರ ವಾಪಸ್ ಕೊಡಲ್ಲ."

ಅಪ್ಪ ತಲೆ ಕೆರೆದುಕೊಂಡ. ಆಮೇಲೆ ಅಪ್ಪ, ಆ ಸಾಹೇಬ ಕೊಟ್ಟ ಟೀಯಲ್ಲಿ ಸಕ್ಕರೆಯೇ ಇರಲಿಲ್ಲ, ಆಗಲೇ ನನಗೆ ಅನುಮಾನ ಬಂದಿತ್ತು ಅಂದ. ಅಮ್ಮನಿಗೆ ನಗು ಬಂತು. ಅಪ್ಪ ಒಂದು ಹಾಳೆ ಕೇಳಿದ. ಮನೆಯ ಮೇಲಿನ ನನ್ನ ಹಕ್ಕನ್ನು ಬಿಡುತ್ತೇನೆ, ಇದನ್ನು ಲಾಂಡ್ರಿಯ ಇಂಥ ನಂಬರಿನ ನೌಕರಳಿಗೆ ಕೊಡಿ ಎಂದು ನನ್ನ ಕೈಲಿ ಬರೆಸಿ ಕೆಳಗೆ ಸಹಿ ಹಾಕಿದ. ಅವನು ತಾನಾಗಿ ಕೇಳಿ ಹಾಕಿದ ಮೊದಲ ಸಹಿ ಅದು.

ಆ ಅರ್ಜಿಗೂ ಕೆಂಪು ಗೆರೆ ಬಿತ್ತು.

ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಗಂಡ ಆಸ್ಪತ್ರೆಯ ವಾಚ್‌ಮನ್ ಆಗಿದ್ದ. ಅವನು ಸತ್ತ ತಿಂಗಳೊಳಗೆ ದೊಡ್ಡಕ್ಕನನ್ನು ಹನ್ನೊಂದನೆಯ ಮನೆಯಿಂದ ಎಬ್ಬಿಸಿದ್ದರು. ಯಜಮಾನ ಇಲ್ಲ ಎಂದು. ಮೂವತ್ತು ವರ್ಷ ಅದೇ ತೊಟ್ಟಿಯಲ್ಲಿ ಕೈ ಅದ್ದಿದವಳು ಈಗ ಮೋರಿಯ ಪಕ್ಕದ ತಗಡಿನ ಕೋಣೆಯಲ್ಲಿದ್ದಳು. ಎಡಗೈಯಲ್ಲಿ ಎಲ್ಲ ಕೆಲಸ ಮಾಡುವುದರಿಂದ ಎಡಚಿ ಅನ್ನಿಸಿಕೊಂಡವಳ ಗಂಡ ಬಿಟ್ಟು ಓಡಿಹೋಗಿದ್ದ. ಅವಳೂ ಅಲ್ಲೇ. ಬೀಗ ಬಿದ್ದ ಮನೆಗಳಲ್ಲಿ ಎರಡು ಇವರಿಬ್ಬರವೇ. ಲಾಂಡ್ರಿಯವರಿಗೆ ಬಂದ ಇಂಥ ಲಕೋಟೆಗಳಲ್ಲಿ ಅಮ್ಮನದು ಮೂರನೆಯದು.

ಶಾಲೆ ಬಿಟ್ಟ ಮೇಲೆ ನಾನು ಲಾಂಡ್ರಿಗೆ ಹೋಗುತ್ತಿದ್ದೆ. ಅವತ್ತು ದೊಡ್ಡಕ್ಕ ತನ್ನ ನೇಮಕದ ಆದೇಶವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ಓದು ಮಗಳೇ ಅಂದಳು. ಮೂವತ್ತು ವರ್ಷದಲ್ಲಿ ಅದನ್ನು ಯಾರೂ ಅವಳಿಗೆ ಓದಿ ಹೇಳಿರಲಿಲ್ಲ. ಕೆಲಸದ ವಿವರ ಎಂಬಲ್ಲಿ ಒಂದೇ ಸಾಲಿತ್ತು. ರೋಗಿಗಳ ಹಾಗೂ ಶಸ್ತ್ರಚಿಕಿತ್ಸಾ ಕೋಣೆಯ ಬಟ್ಟೆಗಳನ್ನು ಶುಚಿಗೊಳಿಸುವುದು.

"ಡಾಕ್ಟರ ಕೋಟು?" ಅಂದಳು ಎಡಚಿ.

ಇರಲಿಲ್ಲ.

"ಸಾಹೇಬನ ಮನೆ ಪರದೆ?"

ಇರಲಿಲ್ಲ.

"ಸಾಹೇಬನ ಚಡ್ಡಿ?"

ನಾನು ಕಾಗದದ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಚಡ್ಡಿಯ ಸುದ್ದಿಯೇ ಇರಲಿಲ್ಲ. ಎಂಟು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಕ್ಕ ನಗುತ್ತ ನಗುತ್ತ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಆ ನಗು ಇಳಿದ ಮೇಲೆ ಅಮ್ಮ ಎದ್ದು ಮೂಲೆಯಲ್ಲಿದ್ದ ಕೋಟಿನ ಗಂಟನ್ನು ಎತ್ತಿ ಬಾಗಿಲಾಚೆ ಇಟ್ಟಳು. ಆಮೇಲೆ ಸಾಹೇಬನ ಗಂಟನ್ನೂ ಎತ್ತಿ ಅದರ ಪಕ್ಕ ಇಟ್ಟಳು. ಎಸೆಯಲಿಲ್ಲ. ಇಟ್ಟಳು.

"ಕಾಗದದಲ್ಲಿ ಇಲ್ಲದ್ದು ಅವನು ಕೊಡಲ್ಲ," ಅಂದಳು. "ಕಾಗದದಲ್ಲಿ ಇಲ್ಲದ್ದು ನಾವು ಒಗೆಯಲ್ಲ."

ರೋಗಿಗಳ ಬಟ್ಟೆ ಒಂದು ದಿನವೂ ನಿಲ್ಲಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಬೇರೆ ಮಾತು ಹಬ್ಬಿಸಿದರು. ಹಾಸಿಗೆ ಬಟ್ಟೆ ಹೊತ್ತಿಗೆ ಸರಿಯಾಗಿ ವಾರ್ಡಿಗೆ ಹೋಯಿತು. ಆಪರೇಷನ್ ಬಟ್ಟೆ ಹಿಂದಿಗಿಂತ ಬೇಗ ಹೋಯಿತು. ಕೋಟಿನ ಕೆಲಸ ಇಲ್ಲದ ಮೇಲೆ ಕೈ ಬಿಡುವಾಗಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅಮ್ಮ ಮಧ್ಯಾಹ್ನದ ಊಟವನ್ನು ಕೂತು ಉಂಡಳು.

ಕೋಟುಗಳು ಬಾಗಿಲಾಚೆ ಗುಡ್ಡೆಯಾದವು. ಮೂರನೆಯ ದಿನ ಡಾಕ್ಟರುಗಳು ನಿನ್ನೆಯ ಕೋಟನ್ನೇ ಹಾಕಿಕೊಂಡರು. ಐದನೆಯ ದಿನ ಒಳಹೊರಗು ಮಾಡಿ ಹಾಕಿಕೊಂಡರು. ಹೊಟ್ಟೆಯ ಡಾಕ್ಟರ ಜೇಬಿನ ಮೇಲೆ ಶಾಯಿಯ ಕಲೆ, ಅದರ ಕೆಳಗೆ ಟೀ ಕಲೆ. ರೋಗಿಯೊಬ್ಬ ಅವರನ್ನು ಅಡುಗೆಯವರೆಂದು ತಿಳಿದು ಊಟ ಯಾವಾಗ ಬರುತ್ತೆ ಎಂದು ಕೇಳಿದನಂತೆ. ಈ ಸುದ್ದಿಯನ್ನು ತಂದವನು ಅಪ್ಪ. ಅವನ ಏಪ್ರನ್ನು ಅವನೇ ಒಗೆದುಕೊಳ್ಳುತ್ತಿದ್ದ, ಆ ದಿನಗಳಲ್ಲಿ ಇಡೀ ಆಸ್ಪತ್ರೆಯಲ್ಲಿ ಬೆಳ್ಳಗಿದ್ದವನು ಅವನೊಬ್ಬನೇ. ಹೊಸದಾಗಿ ಸೇರಿದ್ದ ಒಬ್ಬ ಡಾಕ್ಟರಮ್ಮ ತನ್ನ ಕೋಟು ತಾನೇ ಒಗೆಯಲು ಹೋಗಿ ರಕ್ತದ ಕಲೆಯನ್ನು ಬಿಸಿನೀರಲ್ಲಿ ಕುದಿಸಿ, ಕಂದು ಬಣ್ಣ ಮಾಡಿಕೊಂಡು ಲಾಂಡ್ರಿಗೆ ಬಂದರು. ಒಗೆದುಕೊಡಿ ಅನ್ನಲಿಲ್ಲ. ಹೇಗೆ ಒಗೆಯುವುದು ಹೇಳಿಕೊಡಿ ಅಂದರು. ಅಮ್ಮ ತೊಟ್ಟಿಯ ಪಕ್ಕ ಜಾಗ ಮಾಡಿಕೊಟ್ಟಳು. ಹತ್ತು ನಿಮಿಷಕ್ಕೆ ಡಾಕ್ಟರಮ್ಮನ ಬೆರಳು ಕೆಂಪಾದವು. ದಿನಾ ಹೀಗೇನಾ ಎಂದು ಕೇಳಿದರು. ಚಳಿಗಾಲದಲ್ಲಿ ನೀಲಿ ಆಗುತ್ತೆ ಅಂದಳು ದೊಡ್ಡಕ್ಕ.

ಇಸ್ತ್ರಿ ಸಾಹೇಬ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಕೂಗಾಡಿದ. ಒಳಗೆ ಬರಲು ಅವನಿಗೆ ವಾಸನೆ. ಕೆಲಸದಿಂದ ತೆಗೆಯುತ್ತೇನೆ ಅಂದ. ಅಮ್ಮ ನೇಮಕದ ಆದೇಶ ತೋರಿಸಿ, ಇದರಲ್ಲಿ ಯಾವ ಕೆಲಸ ನಿಂತಿದೆ ತೋರಿಸಿ ಸಾರ್ ಅಂದಳು. ಅವನ ಅಂಗಿಯ ಕಾಲರು ಸುರುಟಿಕೊಂಡಿತ್ತು. ತೋಳಿನಲ್ಲಿ ಮಡಿಕೆಯೇ ಇರಲಿಲ್ಲ. ಅವನು ಹೋದ ಮೇಲೆ ಎಡಚಿ, ಹೆಸರು ಬದಲಾಯಿಸಬೇಕಲ್ಲ ಈಗ ಅಂದಳು.

ಹೆದರಿಕೆ ಇರಲಿಲ್ಲ ಅಂತಲ್ಲ. ಲಕೋಟೆ ಬಂದ ಹದಿಮೂರನೆಯ ದಿನ ಅಮ್ಮ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದಳು. ಏನೂ ಆಗದಿದ್ದರೆ ಎಡಚಿಯ ತಗಡಿನ ಕೋಣೆಯೇ ಗತಿ. ಚಿಲ್ಟು ತನ್ನ ಬೊಂಬೆಯನ್ನು ಚೀಲಕ್ಕೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು. ಅಲ್ಲಿಗೆ ಹೋದರೂ ಅಪ್ಪನ ಅಡುಗೆ ಬರುತ್ತಾ ಎಂದು ಕೇಳಿದಳು. ಬರುತ್ತೆ ಅಂದಳು ಅಮ್ಮ. ಹಾಗಾದರೆ ಸರಿ ಎಂದು ಬೊಂಬೆ ಚೀಲದಲ್ಲೇ ಉಳಿಯಿತು. ನಾನು ಹಿತ್ತಿಲಿಗೆ ಹೋಗಿ ಗೋಡೆಗೆ ಒರಗಿ ಅತ್ತೆ. ಚೆನ್ನಾಗಿ ಅತ್ತೆ. ಮುಖ ತೊಳೆದುಕೊಂಡು ಬಂದೆ.

ಹದಿನಾಲ್ಕನೆಯ ದಿನ ಮುಖ್ಯ ವೈದ್ಯರು ತಾವೇ ಲಾಂಡ್ರಿಗೆ ಬಂದರು. ಮರುವಾರ ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಕೊಳೆ ಕೋಟಿನಲ್ಲಿ ಅವರನ್ನು ಎದುರುಗೊಳ್ಳುವ ಹಾಗಿರಲಿಲ್ಲ. ಇಪ್ಪತ್ತು ವರ್ಷ ಅದೇ ಆಸ್ಪತ್ರೆಯಲ್ಲಿದ್ದವರಿಗೆ ಲಾಂಡ್ರಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಶವಾಗಾರಕ್ಕೆ ಹೋಗಿ, ಅಲ್ಲಿಂದ ಬಾಯ್ಲರ್ ಕೋಣೆಗೆ ಹೋಗಿ, ಕೊನೆಗೆ ಅಪ್ಪನನ್ನು ದಾರಿ ಕೇಳಿ ಬಂದಿದ್ದರು. ದಾರಿ ತೋರಿಸಿದ ಅಪ್ಪ ಹಿಂದೆ ಹೋಗದೆ ಅಲ್ಲೇ ಬಾಗಿಲ ಪಕ್ಕ ನಿಂತ. ಶಾಲೆಗೆ ರಜೆ ಇದ್ದದ್ದರಿಂದ ನಾನೂ ಅಲ್ಲೇ ಇದ್ದೆ.

ಕೂರಲು ಲಾಂಡ್ರಿಯಲ್ಲಿ ಕುರ್ಚಿ ಇಲ್ಲ. ಎಡಚಿ ಒಂದು ಬಕೆಟ್ಟು ಬೋರಲು ಹಾಕಿ ಸೆರಗಿನಿಂದ ಒರೆಸಿದಳು. ಮುಖ್ಯ ವೈದ್ಯರು ಒಂದು ಕ್ಷಣ ಅದನ್ನು ನೋಡಿ ಕೂತರು. ಏನಮ್ಮ ನಿಮ್ಮ ತೊಂದರೆ ಎಂದು ಕೇಳಿದರು. ಹಿಂದೆಯೇ ಇಸ್ತ್ರಿ ಸಾಹೇಬ ಏದುಸಿರು ಬಿಡುತ್ತ ಬಂದ. ಈ ಸಲ ಒಳಗೇ ಬಂದ.

ಅಮ್ಮ ಹೆಚ್ಚು ಮಾತಾಡುವವಳಲ್ಲ. ತೊಟ್ಟಿಯಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡಳು.

"ಮೂರು ಮನೆಗೆ ಬೀಗ ಇದೆ ಸಾರ್. ನಾಳಿದ್ದು ನಾಲ್ಕಾಗುತ್ತೆ. ಆ ಮನೆಗಳಲ್ಲಿ ಗೆದ್ದಲು ಇದೆ. ಅದಕ್ಕೆ ಯಜಮಾನ ಇದಾನಾ ಅಂತ ಯಾರೂ ಕೇಳಲ್ಲ. ನಮ್ಮನ್ನ ಮಾತ್ರ ಕೇಳ್ತಾರೆ. ನನ್ನ ಮಕ್ಕಳಿಗೆ ನಾನೇ ದುಡಿದು ಹಾಕ್ತೀನಿ, ನಾನೇ ಬೈತೀನಿ, ನಾನೇ ಹೇನು ತೆಗಿತೀನಿ. ಯಜಮಾನಿಕೆ ಅಂದ್ರೆ ಇನ್ನೇನು ಮಾಡಬೇಕು ಸಾರ್?"

ಸಾಹೇಬ ಬಾಯಿ ಹಾಕಿದ. ಗಂಡನನ್ನು ಬಿಟ್ಟವರಿಗೆ ಮನೆ ಕೊಟ್ಟರೆ ನಾಳೆ ಎಲ್ಲರೂ ಬಿಟ್ಟು ಬರುತ್ತಾರೆ ಅಂದ. ಆಗ ಬಾಗಿಲ ಪಕ್ಕದಿಂದ ಅಪ್ಪ ಕೆಮ್ಮಿದ. ಎಲ್ಲರೂ ತಿರುಗಿದರು.

"ಬಿಟ್ಟದ್ದು ಸರಿ ಸಾರ್," ಅಂದ ಅಪ್ಪ. ಅವನ ಮುಖ ಕೆಂಪಾಗಿತ್ತು. "ನಾನೇ ಆ ಗಂಡ. ತಪ್ಪು ನನ್ನದು. ಮನೆ ಅವಳಿಗೆ ಕೊಡಿ."

ಅಷ್ಟು ಜನರ ಎದುರು ಗಂಡಸೊಬ್ಬ ಹಾಗೆ ಹೇಳಿದ್ದನ್ನು ದೊಡ್ಡಕ್ಕ ತನ್ನ ಜನ್ಮದಲ್ಲೇ ಕೇಳಿರಲಿಲ್ಲವಂತೆ. ನಾನು ಅಪ್ಪನನ್ನು ನೋಡಿದೆ. ಅವನು ಈ ಸಲ ನೆಲ ನೋಡಲಿಲ್ಲ. ನನ್ನನ್ನು ನೋಡಿದ.

ಮುಖ್ಯ ವೈದ್ಯರು ಬಕೆಟ್ಟಿನಿಂದ ಏಳಲಿಲ್ಲ. ಕೂತಲ್ಲೇ ಫಾರಂ ತರಿಸಿದರು. ತರಲು ಸಾಹೇಬನೇ ಓಡಬೇಕಾಯಿತು. 'ಯಜಮಾನ' ಎಂದು ಅಚ್ಚಾಗಿದ್ದ ಪಕ್ಕದಲ್ಲಿ ಒಂದು ಅಡ್ಡ ಗೆರೆ ಹಾಕಿ 'ಯಜಮಾನಿ' ಎಂದು ಬರೆದರು. ಅವರ ಅಕ್ಷರ ಔಷಧಿ ಚೀಟಿಯ ಅಕ್ಷರ. ಅದು ಯಜಮಾನಿಯೋ ಯಾವುದೋ ಮಾತ್ರೆಯ ಹೆಸರೋ ಎಂದು ನಾನು ಎರಡು ಸಲ ಓದಿದೆ. ಕೆಳಗೆ ಸಹಿ ಸ್ಪಷ್ಟವಾಗಿತ್ತು.

ನಾವು ಗೆದ್ದೆವು ಎಂದು ಪೂರ್ತಿ ಹೇಳಲಾಗದು. ಐದನೆಯ ಮನೆ ಅಮ್ಮನದಾಯಿತು. ದೊಡ್ಡಕ್ಕನಿಗೆ ಹನ್ನೊಂದನೆಯದು ವಾಪಸ್ ಸಿಕ್ಕಿತು, ಗೆದ್ದಲು ಸಮೇತ. ಎಡಚಿಯ ಗಂಡ ಸತ್ತೂ ಇಲ್ಲ, ವಿಚ್ಛೇದನವೂ ಆಗಿಲ್ಲ, ಓಡಿಹೋಗಿದ್ದಾನೆ ಅಷ್ಟೇ, ಅದಕ್ಕೆ ಯಾವ ಕಾಲಂ ಇಲ್ಲ ಎಂದು ಅವಳ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಮನೆ ಸಿಗುವವರೆಗೆ ಅವಳು ದೊಡ್ಡಕ್ಕನ ಮನೆಯಲ್ಲೇ ಇರುತ್ತೇನೆಂದು ಮಂಚ ಸಮೇತ ಬಂದಳು. ಅಮ್ಮನ ಫೈಲಿಗೆ 'ಅವಿಧೇಯತೆ' ಎಂದು ಒಂದು ಮೆಮೋ ಸೇರಿತು. ಅದರ ಅರ್ಥ ಏನೆಂದು ಅಮ್ಮ ಕೇಳಿದಳು. ಹೇಳಿದ ಮಾತು ಕೇಳದಿರುವುದು ಅಂದೆ. ಹನ್ನೆರಡು ವರ್ಷ ಕೇಳಿದ್ದಕ್ಕೆ ಒಂದು ಕಾಗದವನ್ನೂ ಕೊಡಲಿಲ್ಲವಲ್ಲ ಅಂದಳು. ಮೆಮೋವನ್ನು ಚಿಲ್ಟುವಿನ ಲಸಿಕೆ ಚೀಟಿಯ ಜೊತೆ ಜೋಪಾನವಾಗಿಟ್ಟಳು. ಕೋಟುಗಳನ್ನು ಮತ್ತೆ ಒಗೆಯತೊಡಗಿದರು. ಆ ಕೆಲಸ ಕಾಗದಕ್ಕೆ ಸೇರಿತು, ಅದರ ಜೊತೆಗೆ ತಿಂಗಳಿಗೊಂದು ಜೊತೆ ಕೈಗವಸೂ ಸೇರಿತು. ಸಾಹೇಬನ ಮನೆಯ ಗಂಟು ಮತ್ತೆ ಬರಲಿಲ್ಲ.

ಪಾತ್ರೆಗಳು ಗೋಣಿಚೀಲದಿಂದ ಹೊರಗೆ ಬಂದು ಮೊದಲಿನ ಜಾಗ ಸೇರಿದವು. ಬಾಗಿಲ ಮೇಲೆ ಅಪ್ಪನ ಹೆಸರಿದ್ದ ತಗಡನ್ನು ತೆಗೆದು, ಅಮ್ಮನ ಹೆಸರಿನದನ್ನು ಹೊಡೆದರು. ಮೊಳೆ ಹೊಡೆದವಳು ಎಡಚಿ. ಸ್ವಲ್ಪ ಸೊಟ್ಟಗಾಯಿತು. ಅಮ್ಮ ದೂರ ನಿಂತು ನೋಡಿ, ಇರಲಿ ಬಿಡು, ಚೆನ್ನಾಗಿದೆ ಅಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ನಮ್ಮ ಸಾಲಿನಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ, ಹೊರಗಿನಿಂದಲೇ ಕೂಗುತ್ತಾರೆ. ನಾನು ತೆಗೆದೆ. ಅಪ್ಪ ನಿಂತಿದ್ದ. ತಲೆ ಬಾಚಿಕೊಂಡಿದ್ದ. ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ. ಒಳಗಿನಿಂದ ಚಿಲ್ಟು ಮೂಗೆಳೆದು, ಹುರಿದ ಮೊಟ್ಟೆ ಎಂದು ಘೋಷಿಸಿದಳು.

"ಒಳಗೆ ಬರ್ಲಾ?" ಎಂದು ಅಪ್ಪ ಕೇಳಿದ.

ಅವನು ಈ ಮನೆಯಲ್ಲಿ ಹನ್ನೆರಡು ವರ್ಷ ಇದ್ದ. ಆ ಮಾತನ್ನು ಕೇಳಿದ್ದು ಅದೇ ಮೊದಲು. ನಾನು ಅಮ್ಮನ ಕಡೆ ನೋಡಿದೆ. ಅವಳು ನಮ್ಮ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನನ್ನ ಯಾಕೆ ನೋಡ್ತೀಯ, ನಿನ್ನನ್ನ ಕೇಳ್ತಿದಾನೆ," ಅಂದಳು.

ನಾನು ಅವನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದೆ. ಅವನು ನಿಂತ. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ, ಬಿಸಿ ಇತ್ತು ಅನ್ನಿಸುತ್ತದೆ. ಬೇಗ ಹೇಳು ಅನ್ನಲಿಲ್ಲ.

"ಬಾ ಅಪ್ಪ," ಅಂದೆ. "ಚಪ್ಪಲಿ ಅಲ್ಲೇ ಬಿಡು. ಈಗಷ್ಟೇ ನೆಲ ಒರೆಸಿದೀನಿ."